ಪಡೆದ ಕುರ್ಚಿಯನ್ನು ಹಿಂದಿರುಗಿಸಿದ ಕಂಠಿ

1962ರ ಜೂನ್ 20ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಯೊಬ್ಬರು ಅಧಿಕಾರ ಬಿಟ್ಟರು. ಸರ್ಕಾರದ ಬಹುಮತಕ್ಕೆ ಧಕ್ಕೆ ಬಂದಿರಲಿಲ್ಲ. 208 ಸ್ಥಾನಗಳ ವಿಧಾನಸಭೆಯಲ್ಲಿ ಅವರ ಪಕ್ಷಕ್ಕೆ 138 ಸ್ಥಾನಗಳಿದ್ದವು. ಯಾವ ಹಗರಣವೂ ಅವರನ್ನು ಬೆನ್ನಟ್ಟಿರಲಿಲ್ಲ. ಅಧಿಕಾರ ವಹಿಸಿಕೊಂಡು ಇನ್ನೂ ನೂರು ದಿನಗಳು ತುಂಬಿರಲಿಲ್ಲ. ಮಾರನೆಯ ದಿನ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಹಿಂದಿನ ದಿನದವರೆಗೆ ಮುಖ್ಯಮಂತ್ರಿಯಾಗಿದ್ದವರು ಅದೇ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿ ಕುಳಿತರು. ಅವರ ಹೆಸರು ಶಿವಲಿಂಗಪ್ಪ ರುದ್ರಪ್ಪ ಕಂಠಿ. ರಾಜ್ಯದ ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಆ ಹೆಸರು ಒಂದು ಸಾಲಿನಷ್ಟು ಜಾಗವನ್ನು ಮಾತ್ರ ಪಡೆದಿದೆ. ಹುನಗುಂದ, ಇಳಕಲ್ಲ, ಬಾದಾಮಿ ಸೀಮೆಯ ಹಿರಿಯರ ನೆನಪಿನಲ್ಲಿ ಅದಕ್ಕೆ ದೊರೆತಿರುವ ಸ್ಥಳ ಇನ್ನಷ್ಟು ವಿಶಾಲವಾದುದು.

ಕಂಠಿಯವರು ಹುಟ್ಟಿದ್ದು 1908ರ ಡಿಸೆಂಬರ್ 21ರಂದು, ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ. ಆಗ ಇದೆಲ್ಲವೂ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅವರು ಹುಟ್ಟುವುದಕ್ಕೆ ಎರಡು ತಲೆಮಾರುಗಳ ಹಿಂದೆ ಈ ಭಾಗದ ಸರ್ಕಾರಿ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ಹೆಣಗಿ ಕನ್ನಡ ಶಾಲೆಗಳನ್ನು ತೆರೆಸಿದ್ದರ ಫಲವನ್ನು ಉಂಡವರು ಕಂಠಿಯವರ ಪೀಳಿಗೆಯವರು. ಪದವಿಗಾಗಿ ಮುಂಬೈ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವುದು ಅನಿವಾರ್ಯವಾಗಿದ್ದ ಕಾಲವದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇನ್ನೂ ಕನಸಾಗಿಯೇ ಇತ್ತು. ಕಂಠಿಯವರು ಕಾನೂನು ಓದಿ ವಕೀಲರಾದರು, ಸ್ವಾತಂತ್ರ್ಯ ಚಳವಳಿಗೆ ಸೇರಿದರು, ಹುನಗುಂದವನ್ನು ತಮ್ಮ ಕಾರ್ಯಕ್ಷೇತ್ರವಾಗಿ ಮಾಡಿಕೊಂಡರು.

ಮೊದಲ ಸಾರ್ವತ್ರಿಕ ಚುನಾವಣೆಯ ನಂತರ ಅವರು ಮುಂಬೈ ವಿಧಾನಸಭೆಯ ಉಪಸಭಾಧ್ಯಕ್ಷರಾದರು. ಆ ಸದನದಲ್ಲಿ ಕುಳಿತು ಅವರು ಕಂಡ ಒಂದು ಸಂಗತಿ ಮುಂದಿನ ಕಥೆಗೆ ಹಿನ್ನೆಲೆಯಾಗಿ ಒದಗುತ್ತದೆ. 1952ರ ಚುನಾವಣೆಯಲ್ಲಿ ಮೊರಾರ್ಜಿ ದೇಸಾಯಿಯವರು ತಮ್ಮ ಕ್ಷೇತ್ರದಲ್ಲಿ ಕೇವಲ 19 ಮತಗಳಿಂದ ಸೋತಿದ್ದರು. ಸೋತರೂ ಮುಂಬೈ ರಾಜ್ಯದ ಮುಖ್ಯಮಂತ್ರಿಯಾದರು. ಶಾಸನಸಭೆಯ ಸದಸ್ಯರಲ್ಲದವರು ಆರು ತಿಂಗಳವರೆಗೆ ಮಂತ್ರಿಯಾಗಿರಬಹುದೆಂಬ ಸಂವಿಧಾನದ ಅವಕಾಶವನ್ನು ಅವರು ಬಳಸಿಕೊಂಡರು, ಆಮೇಲೆ ಉಪಚುನಾವಣೆಯಲ್ಲಿ ಗೆದ್ದು ಬಂದರು. ಕಾನೂನಿನ ದೃಷ್ಟಿಯಿಂದ ಇದರಲ್ಲಿ ತಪ್ಪಿರಲಿಲ್ಲ. ಆದರೂ ಜನ ತಿರಸ್ಕರಿಸಿದ ಮರುವಾರವೇ ಅದೇ ವ್ಯಕ್ತಿ ಅತ್ಯುನ್ನತ ಸ್ಥಾನದಲ್ಲಿ ಕೂರುವುದು ಸರಿಯೇ ಎಂಬ ಪ್ರಶ್ನೆ ಉಳಿದೇ ಇತ್ತು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಕಂಠಿಯವರು ವಿಶಾಲ ಮೈಸೂರು ರಾಜ್ಯದ ವಿಧಾನಸಭೆಯ ಸಭಾಧ್ಯಕ್ಷರಾದರು, 1962ರ ಚುನಾವಣೆಯವರೆಗೂ ಆ ಹೊಣೆ ಹೊತ್ತರು. ಐದು ಆಡಳಿತಗಳಿಂದ ಬಂದ ಸದಸ್ಯರು, ಐದು ಬಗೆಯ ಸಭಾ ಸಂಪ್ರದಾಯಗಳು, ಒಬ್ಬರ ಕನ್ನಡ ಇನ್ನೊಬ್ಬರಿಗೆ ಪೂರ್ತಿ ತಿಳಿಯದ ಸ್ಥಿತಿ. ಇಂಥ ಸದನವನ್ನು ನಡೆಸುವವರಿಗೆ ಬೇಕಾದ ಮೊದಲ ಗುಣ ಪಕ್ಷಪಾತವಿಲ್ಲದಿರುವುದು. ಅದು ಬರಿಯ ಮಾತಿನಿಂದ ಬರುವಂಥದಲ್ಲ. ದಿನದಿನದ ತೀರ್ಪುಗಳಿಂದ ಗಳಿಸಬೇಕಾದುದು. ಮುಂದೆ ಅವರಿಗೆ ಸಿಕ್ಕ ವಿಶ್ವಾಸದ ಮೂಲ ಈ ಐದಾರು ವರ್ಷಗಳ ಸಭಾಧ್ಯಕ್ಷತೆಯಲ್ಲಿದೆ ಎಂದು ನನ್ನ ಅಭಿಪ್ರಾಯ.

1962ರ ಫೆಬ್ರುವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು. ಆದರೆ ಅದರ ನಾಯಕ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರಿಗೆ ಸೋತರು. ಪರಿಸ್ಥಿತಿಯ ಸೂಕ್ಷ್ಮವನ್ನು ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರು ಪಕ್ಷದ ಒಳಜಗಳದಿಂದ 1958ರ ಮೇ ತಿಂಗಳಲ್ಲಿ ಅಧಿಕಾರ ಬಿಡಬೇಕಾಗಿ ಬಂದಿತ್ತು. ಅವರ ಸ್ಥಾನಕ್ಕೆ ಬಂದವರು ವಿಜಾಪುರ ಜಿಲ್ಲೆಯವರೇ ಆದ, ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರು. ಒಮ್ಮೆ ಕುರ್ಚಿ ಕೈತಪ್ಪಿದವರು, ಮತ್ತೆ ಕೈಗೆ ಬರುವ ಹೊತ್ತಿಗೆ ಚುನಾವಣೆಯಲ್ಲೇ ಸೋತಿದ್ದಾರೆ. ಗುಂಪುಗಾರಿಕೆ ಹಾಗೆಯೇ ಇದೆ. ಅಂಥ ವೇಳೆಯಲ್ಲಿ ಅದೇ ವಿಜಾಪುರ ಜಿಲ್ಲೆಯ ಇನ್ನೊಬ್ಬರನ್ನು ನಂಬಿ ಮುಖ್ಯಮಂತ್ರಿಯ ಸ್ಥಾನ ಒಪ್ಪಿಸುವುದು ಸಣ್ಣ ಮಾತಲ್ಲ. ಮೊರಾರ್ಜಿಯವರ ದಾರಿ ತೆರೆದೇ ಇತ್ತು. ನಿಜಲಿಂಗಪ್ಪನವರು ಅದನ್ನು ಹಿಡಿಯಲಿಲ್ಲ. ಮಾರ್ಚ್ 14ರಂದು ಕಂಠಿಯವರು ಮುಖ್ಯಮಂತ್ರಿಯಾದರು.

ಮುಂದೆ ಬಾಗಲಕೋಟೆಯಿಂದ ಆಗಷ್ಟೇ ಆಯ್ಕೆಯಾಗಿದ್ದ ಶಾಸಕ ಬಿ.ಟಿ. ಮುರನಾಳ ಅವರು ತಮ್ಮ ಸ್ಥಾನ ತೆರವು ಮಾಡಿದರು. ಉಪಚುನಾವಣೆಯ ಮೂಲಕ ನಿಜಲಿಂಗಪ್ಪನವರು ವಿಧಾನಸಭೆಗೆ ಬಂದರು, ಕಂಠಿಯವರು ಕೂಡಲೇ ಜಾಗ ಬಿಟ್ಟುಕೊಟ್ಟರು. ಜನ ಅವರನ್ನು ರಾಮನ ಪಾದುಕೆಗಳನ್ನಿಟ್ಟು ರಾಜ್ಯವಾಳಿದ ಭರತನಿಗೆ ಹೋಲಿಸಿದರು, ಇಂದಿಗೂ ಹೋಲಿಸುತ್ತಾರೆ. ಹೋಲಿಕೆ ಸೊಗಸಾಗಿದೆ, ಆದರೆ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಭರತನ ಸುತ್ತ ಗದ್ದುಗೆ ಬಿಡಬೇಡವೆಂದು ಕಿವಿಯೂದುವ ಶಾಸಕರಿರಲಿಲ್ಲ, ಗುತ್ತಿಗೆದಾರರಿರಲಿಲ್ಲ. ಮುಂದಿನ ಚುನಾವಣೆಯ ಚಿಂತೆಯಂತೂ ಇರಲೇ ಇಲ್ಲ. ಅಲ್ಲದೆ ಈ ಕಥೆಯನ್ನು ಹೇಳುವವರು ಮುರನಾಳರನ್ನು ಮರೆತುಬಿಡುತ್ತಾರೆ. ಕಂಠಿಯವರು ಬಿಟ್ಟದ್ದು ಒಪ್ಪಿಸಿಕೊಂಡಿದ್ದ ಸ್ಥಾನವನ್ನು. ಮುರನಾಳರು ಬಿಟ್ಟದ್ದು ತಾವೇ ಗೆದ್ದ ಸ್ಥಾನವನ್ನು.

ಇದರಲ್ಲಿ ಅಹಿತಕರವಾದ ಅಂಶವೊಂದಿದೆ, ಮುಚ್ಚಿಡುವುದು ಸರಿಯಲ್ಲ. ಹೊಸದುರ್ಗದ ಮತದಾರರು ಬೇಡವೆಂದ ನಾಯಕರಿಗಾಗಿ ಬಾಗಲಕೋಟೆಯ ಮತದಾರರು ಆರಿಸಿದ ಪ್ರತಿನಿಧಿ ಹಿಂದೆ ಸರಿದರು. ನಾಯಕರ ನಡುವಿನ ನಂಬಿಕೆ ಮೆಚ್ಚತಕ್ಕದ್ದೇ. ಮತದಾರರನ್ನು ಆ ಒಪ್ಪಂದದಲ್ಲಿ ಯಾರಾದರೂ ಕೇಳಿದ್ದರೇ? ಉಪಚುನಾವಣೆ ನಡೆಯಿತು, ಅದೇ ಉತ್ತರ ಎನ್ನಬಹುದು. ನಾನಂತೂ ಅಷ್ಟಕ್ಕೇ ಸುಮ್ಮನಾಗಲಾರೆ.

ಆಡಳಿತದಲ್ಲಿ ಮೂರು ದಶಕಗಳಿಗೂ ಮೀರಿ ಇದ್ದವನಿಗೆ ಪ್ರಭಾರ ಎಂಬ ಪದದ ಅರ್ಥ ಚೆನ್ನಾಗಿ ಗೊತ್ತು. ಹುದ್ದೆಯ ಖಾಯಂ ಅಧಿಕಾರಿ ಬರುವವರೆಗೆ ಮೇಜು ನೋಡಿಕೊಳ್ಳಬೇಕು, ದೂರಗಾಮಿ ನಿರ್ಧಾರಗಳನ್ನು ತೆಗೆದುಕೊಳ್ಳಬಾರದು, ಪಟ್ಟಿಯಲ್ಲಿ ಬರೆದುಕೊಂಡಷ್ಟನ್ನೂ ಲೆಕ್ಕ ಹಾಕಿ ಒಪ್ಪಿಸಬೇಕು. ನಿಯಮ ಇಷ್ಟೇ. ನನ್ನ ಸೇವೆಯ ಆರಂಭದಲ್ಲಿ ಒಂದು ಕಚೇರಿಯಲ್ಲಿ ಪ್ರಭಾರಿಯಾಗಿ ಬಂದವರೊಬ್ಬರು ಎರಡೇ ತಿಂಗಳಲ್ಲಿ ವರ್ಗಾವಣೆಯ ಅಂಗಡಿ ತೆರೆದರು. ಅವರು ಹೋದ ಮೇಲೆ ಆ ಆದೇಶಗಳನ್ನು ಸರಿಪಡಿಸಲು ಮೂರು ವರ್ಷ ಹಿಡಿಯಿತು. ಕಡತಗಳ ಮುಂದೆ ರಾತ್ರಿಯವರೆಗೆ ಕುಳಿತಿದ್ದ ಕಿರಿಯ ಅಧಿಕಾರಿಗಳಲ್ಲಿ ನಾನೂ ಒಬ್ಬ. ತಾತ್ಕಾಲಿಕ ಅಧಿಕಾರ ಮನುಷ್ಯನನ್ನು ಪರೀಕ್ಷಿಸುವಷ್ಟು ಖಾಯಂ ಅಧಿಕಾರ ಪರೀಕ್ಷಿಸಲಾರದು ಎಂಬುದನ್ನು ಅಲ್ಲಿ ಕಂಡೆ. ಇಡೀ ರಾಜ್ಯವನ್ನೇ ಪ್ರಭಾರದ ಮೇಲೆ ಪಡೆದು ಹಾಗೆಯೇ ಒಪ್ಪಿಸಿದವರ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ಆ ಅನುಭವದಿಂದಲೇ.

ಕಂಠಿಯವರ ಜೀವನದಲ್ಲಿ ಎಲ್ಲರೂ ಹೇಳುವ ಭಾಗ ಇಲ್ಲಿಗೆ ಮುಗಿಯುತ್ತದೆ. ಹೆಚ್ಚು ಶ್ರಮದ ಭಾಗ ಇಲ್ಲಿಂದ ಆರಂಭವಾಗುತ್ತದೆ.

ಶಿಕ್ಷಣ ಖಾತೆ ಆಗ ಯಾರೂ ಪೈಪೋಟಿಯಿಂದ ಕೇಳುವ ಖಾತೆಯಾಗಿರಲಿಲ್ಲ. 1961ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 25 ಮಂದಿ. ಮಹಿಳೆಯರಲ್ಲಿ ಈ ಪ್ರಮಾಣ ಇನ್ನೂ ಬಹಳ ಕಡಿಮೆ. ಇದಕ್ಕಿಂತ ಜಟಿಲವಾದದ್ದು ಶಾಲೆಗಳ ಏಕೀಕರಣ. ನಕ್ಷೆಯ ಮೇಲೆ ನಾಡು ಒಂದಾಗಿತ್ತು. ತರಗತಿಯೊಳಗೆ ಇನ್ನೂ ಐದಾಗಿಯೇ ಇತ್ತು. ಮುಂಬೈ ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆಗಳು ಜಿಲ್ಲಾ ಸ್ಕೂಲ್ ಬೋರ್ಡುಗಳ ಕೈಯಲ್ಲಿದ್ದವು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಹಳ್ಳಿಯ ಹುಡುಗನಿಗೆ ದೊಡ್ಡ ಹೆಬ್ಬಾಗಿಲು. ಹಳೆಯ ಮೈಸೂರಿನಲ್ಲಿ ಬೇರೆಯೇ ವ್ಯವಸ್ಥೆ, ಮಂಗಳೂರು ಕಡೆ ಮದರಾಸಿನ ಪದ್ಧತಿ, ಕೊಡಗಿಗೆ ಅದರದೇ ಆದ ರೀತಿ. ಹುನಗುಂದ ಸೀಮೆಯವರು ಇದನ್ನು ಯಾವ ವರದಿಯನ್ನೂ ಓದದೆ ಬಲ್ಲವರಾಗಿದ್ದರು. ಇಳಕಲ್ಲು ಮುಂಬೈ ಸರ್ಕಾರದ್ದು. ಕೆಲವೇ ಹರದಾರಿ ಆಚೆಗಿನ ಕುಷ್ಟಗಿ, ಲಿಂಗಸುಗೂರು ನಿಜಾಮರ ಆಳ್ವಿಕೆಯವು. ಅಲ್ಲಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಓದು ಉರ್ದುವಿನಲ್ಲಿ. ಒಂದೇ ಸಂತೆಗೆ ಬರುವ, ಒಂದೇ ಜಾತ್ರೆಯಲ್ಲಿ ತೇರೆಳೆಯುವ ಎರಡು ಮನೆಗಳ ಮಕ್ಕಳು ಒಂದೇ ಲೆಕ್ಕವನ್ನು ಎರಡು ಭಾಷೆಗಳಲ್ಲಿ ಕಲಿಯುತ್ತಿದ್ದರು.

ಇವೆಲ್ಲವನ್ನೂ ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆ, ಶಿಕ್ಷಕರಿಗೆ ಒಂದೇ ಸೇವಾ ನಿಯಮದ ಕೆಳಗೆ ತರುವ ಕೆಲಸ ಕಂಠಿಯವರಿಗಿಂತ ಮೊದಲೇ ಆರಂಭವಾಗಿತ್ತು. ಆರರಿಂದ ಹನ್ನೊಂದು ವರ್ಷದ ಮಕ್ಕಳಿಗಾಗಿ ರೂಪಿಸಿದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ 1961ರದು, ಅಂದರೆ ಜತ್ತಿಯವರ ಕಾಲದ್ದು. ಕಾಯ್ದೆ ಮಾಡುವುದು ಒಂದು ದಿನದ ಕೆಲಸ, ಜಾರಿಗೆ ತರುವುದು ಒಂದು ತಲೆಮಾರಿನ ಕೆಲಸ. ಮಗುವನ್ನು ಶಾಲೆಗೆ ಕಳುಹಿಸಿ ಎಂದು ಸರ್ಕಾರ ಕಡ್ಡಾಯ ಮಾಡಿದರೆ ಕೊಠಡಿಯನ್ನೂ ಮೇಷ್ಟ್ರನ್ನೂ ಕೊಡುವುದು ಸರ್ಕಾರಕ್ಕೂ ಕಡ್ಡಾಯವಾಗುತ್ತದೆ. ಆ ಹೊಣೆ ಬಂದದ್ದು ಕಂಠಿಯವರ ಹೆಗಲಿಗೆ. ಅವರು ಖಾತೆ ವಹಿಸಿಕೊಂಡ ನಾಲ್ಕೇ ತಿಂಗಳಲ್ಲಿ ಚೀನಾ ಯುದ್ಧ ಬಂತು, ಬೊಕ್ಕಸ ಬಿಗಿಯಾಯಿತು. ಆದರೂ ನಿಜಲಿಂಗಪ್ಪನವರ ಆ ಆಳ್ವಿಕೆಯಲ್ಲಿ ಶಿಕ್ಷಣದ ಕಟ್ಟೋಣ ನಿಲ್ಲಲಿಲ್ಲ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ, ಅದೇ ವರ್ಷ ಕೃಷಿ ವಿಶ್ವವಿದ್ಯಾಲಯ, 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂದವು. ಇಂದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬೀದರಿನ ಮಗುವೂ ಚಾಮರಾಜನಗರದ ಮಗುವೂ ಒಂದೇ ಪಟ್ಟಿಯಲ್ಲಿ ಹೆಸರು ಹುಡುಕುವುದು ನಮಗೆ ಸಹಜವೆನಿಸುತ್ತದೆ. ಅದನ್ನು ಯಾರೋ ಕಡತ ಕಡತವಾಗಿ ಕಟ್ಟಬೇಕಾಯಿತು.

ಇಷ್ಟಾದರೂ ಕಂಠಿಯವರ ಹೆಸರಿನೊಂದಿಗೆ ಜನರ ಬಾಯಲ್ಲಿ ಬರುವುದು ವಿಜಾಪುರದ ಸೈನಿಕ ಶಾಲೆ. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಡಿ 1961ರಲ್ಲಿ ಮೊದಲ ಸೈನಿಕ ಶಾಲೆ ಸಾತಾರದಲ್ಲಿ ತೆರೆಯಿತು. ಶ್ರೀಮಂತರ ಮಕ್ಕಳಿಗಷ್ಟೇ ಸಿಗುತ್ತಿದ್ದ ವಸತಿ ಶಾಲೆಯ ಶಿಕ್ಷಣ ಸಾಮಾನ್ಯರ ಮಕ್ಕಳಿಗೂ ಸಿಗಲಿ, ಅವರು ಸೇನೆಯ ಅಧಿಕಾರಿಗಳಾಗಲಿ ಎಂಬುದು ಉದ್ದೇಶ. ಜಮೀನು, ಕಟ್ಟಡ, ವಿದ್ಯಾರ್ಥಿವೇತನ ರಾಜ್ಯದ್ದು. ಮುಖ್ಯಸ್ಥರಾಗಿ ಸೇನಾಧಿಕಾರಿಗಳನ್ನು ಕೇಂದ್ರ ಕೊಡುತ್ತದೆ. ಮೈಸೂರು ರಾಜ್ಯಕ್ಕೆ ಒಂದು ಶಾಲೆ ಬಂದಾಗ ಅದು ರಾಜಧಾನಿಯ ಸಮೀಪ ಹೋಗದೆ ಬರಗಾಲದ ವಿಜಾಪುರಕ್ಕೆ ಬಂದದ್ದರಲ್ಲಿ ಶಿಕ್ಷಣ ಸಚಿವ ಕಂಠಿಯವರ ಪಾತ್ರ ದೊಡ್ಡದು. 1963ರ ಸೆಪ್ಟೆಂಬರ್ 16ರಂದು ಶಾಲೆ ಆರಂಭವಾಯಿತು. ಅಲ್ಲಿನ ವಿದ್ಯಾರ್ಥಿ ನಿಲಯಗಳ ಹೆಸರುಗಳನ್ನು ಓದಿದರೆ ಏಕೀಕರಣದ ಉತ್ಸಾಹ ಇನ್ನೂ ಕಾಣಿಸುತ್ತದೆ: ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ, ಆದಿಲ್‌ಶಾಹಿ, ಒಡೆಯರ್. ಬಾದಾಮಿಯ ನೆರಳಿನಲ್ಲಿ ಹುಟ್ಟಿದವರಿಗೆ ಮೊದಲ ಹೆಸರು ಹಿತವೆನಿಸಿರಬೇಕು.

ತಮ್ಮ ಜಿಲ್ಲೆಗೆ ಶಾಲೆ ತಂದದ್ದು ಸ್ವಜನಪಕ್ಷಪಾತವಲ್ಲವೇ ಎಂದು ಕೇಳಬಹುದು. ಅರ್ಥಶಾಸ್ತ್ರ ಓದಿದವನಾಗಿ ನನ್ನ ಉತ್ತರ ಹೀಗಿದೆ. ಸಾರ್ವಜನಿಕ ಹಣ ಎಲ್ಲಿ ಖರ್ಚಾಗುತ್ತದೆ ಎಂಬುದರಷ್ಟೇ ಮುಖ್ಯವಾದದ್ದು ಅದರ ಫಲ ಹೇಗೆ ಹಂಚಿಕೆಯಾಗುತ್ತದೆ ಎಂಬುದು. ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯ ಮೂಲಕ ನಡೆಯುತ್ತದೆ, ವಿದ್ಯಾರ್ಥಿವೇತನವನ್ನು ಪೋಷಕರ ಆದಾಯ ನೋಡಿ ಕೊಡುತ್ತಾರೆ. ಮಂತ್ರಿಯ ಚೀಟಿಗೆ ಅಲ್ಲಿ ಜಾಗವಿರಲಿಲ್ಲ. ಕಟ್ಟಡವನ್ನು ತನ್ನೂರ ಕಡೆಗೆ ತಂದು, ಬಾಗಿಲಿನ ಕೀಲಿಯನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳದಿರುವುದು ನಮ್ಮ ರಾಜಕಾರಣದಲ್ಲಿ ಅಪರೂಪ.

ಶಿಕ್ಷಣ ಖಾತೆ ನಂಬಿಕೆಯನ್ನು ಮಾರಾಟಕ್ಕಿಡಲು ಎಲ್ಲಕ್ಕಿಂತ ಅನುಕೂಲವಾದ ಖಾತೆ ಎಂಬುದನ್ನು ಸೇವೆಯಲ್ಲಿದ್ದವರೆಲ್ಲರೂ ಬಲ್ಲರು. ಸಾವಿರಾರು ಶಿಕ್ಷಕರ ನೇಮಕ, ಸಾವಿರಾರು ವರ್ಗಾವಣೆ, ಖಾಸಗಿ ಸಂಸ್ಥೆಗಳಿಗೆ ಅನುದಾನ, ಪಠ್ಯಪುಸ್ತಕಗಳ ಮುದ್ರಣ. ಪ್ರತಿಯೊಂದೂ ಸಣ್ಣ ಮೊತ್ತ, ಎಲ್ಲ ಸೇರಿದರೆ ದೊಡ್ಡ ಸಾಮ್ರಾಜ್ಯ. ಹಣ ಕೊಟ್ಟು ಬಂದ ಮೇಷ್ಟ್ರು ಹಾಕಿದ ಬಂಡವಾಳವನ್ನು ಮೊದಲು ಎಣಿಸುತ್ತಾನೆ, ಮಕ್ಕಳನ್ನು ಆಮೇಲೆ. ಮೂರು ದಶಕಗಳ ನಂತರ ಎಚ್.ಜಿ. ಗೋವಿಂದೇಗೌಡರು ಇದೇ ಖಾತೆಗೆ ಬಂದು, ಅಂಕ ಮತ್ತು ಅರ್ಹತೆಯ ಪಟ್ಟಿಯಿಂದಲೇ ಭಾರಿ ಸಂಖ್ಯೆಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರನ್ನು ನೇಮಿಸಿದಾಗ ಹಳ್ಳಿಗಳಲ್ಲಿ ಜನ ಅದನ್ನು ಪವಾಡವೆಂಬಂತೆ ಮಾತಾಡಿಕೊಂಡರು. ಲಂಚವಿಲ್ಲದೆ ಕೆಲಸ ಸಿಕ್ಕಿತೆಂಬುದು ಸುದ್ದಿಯಾಗುವ ಸ್ಥಿತಿ ಅಷ್ಟು ಹೊತ್ತಿಗೆ ಬಂದಿತ್ತು. 2007ರಲ್ಲಿ ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸಲು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ನಂಬಿಕೆ ಇದ್ದ ಕಡೆ ಸುತ್ತೋಲೆ ಸಾಕಾಗುತ್ತದೆ. ಅದು ಹೋದ ಕಡೆ ಕಾಯ್ದೆ ಬೇಕು, ಕೌನ್ಸೆಲಿಂಗ್ ಬೇಕು, ಮೇಲ್ಮನವಿ ಪ್ರಾಧಿಕಾರ ಬೇಕು. ಅಷ್ಟಕ್ಕೂ ತೆರಿಗೆದಾರನೇ ದುಡ್ಡು ಕೊಡುತ್ತಾನೆ.

ಕಂಠಿಯವರ ಅವಧಿಯಲ್ಲೇ ದೇಶ ಶಿಕ್ಷಣದ ಬಗ್ಗೆ ಗಂಭೀರವಾಗಿ ಯೋಚಿಸಿತು. 1964ರಲ್ಲಿ ನೇಮಕವಾದ ಕೊಠಾರಿ ಆಯೋಗ 1966ರಲ್ಲಿ ವರದಿ ಕೊಟ್ಟಿತು. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡುವುದು, ಬಡವನ ಮಗುವೂ ಬಲ್ಲಿದನ ಮಗುವೂ ನೆರೆಹೊರೆಯ ಒಂದೇ ಸಾರ್ವಜನಿಕ ಶಾಲೆಯಲ್ಲಿ ಓದುವುದು ಅದರ ಮುಖ್ಯ ಸಲಹೆಗಳು. ಮೊದಲನೆಯದು ಇಂದಿಗೂ ಈಡೇರಿಲ್ಲ. ಎರಡನೆಯದನ್ನು ಆಗಲೇ ಕೈಬಿಟ್ಟೆವು. ಪಬ್ಲಿಕ್ ಸ್ಕೂಲ್ ಎಂಬ ಹೆಸರು ನಮ್ಮಲ್ಲಿ ಬಹುಕಾಲ ಸಾರ್ವಜನಿಕರು ಒಳಗೆ ಕಾಲಿಡಲಾಗದ ಶಾಲೆಗಳ ಮೇಲೆಯೇ ಇತ್ತು. ಸರ್ಕಾರ ತನ್ನ ಶಾಲೆಗಳಿಗೆ ಕರ್ನಾಟಕ ಪಬ್ಲಿಕ್ ಸ್ಕೂಲ್ ಎಂದು ಹೆಸರಿಟ್ಟು ಆ ಪದವನ್ನು ಹಿಂದಕ್ಕೆ ಪಡೆಯಲು ಯತ್ನಿಸಿದ್ದು ತೀರಾ ಈಚೆಗೆ. ಸೈನಿಕ ಶಾಲೆಯಂಥ ಆಯ್ದ ಶಾಲೆಗೂ ಎಲ್ಲರ ಶಾಲೆಗೂ ನಡುವಿನ ಈ ಎಳೆದಾಟವನ್ನು ಕಂಠಿಯವರ ಕಾಲ ಬಗೆಹರಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅವರನ್ನು ಗೌರವಿಸುವ ನನಗೂ ಅನಿಸುವುದೆಂದರೆ, ಹುನಗುಂದದ ಹಳ್ಳಿಗಳ ಕನ್ನಡ ಶಾಲೆಗಳಿಗಾಗಿ ನಡೆದ ಕೆಲಸಕ್ಕೆ ಸ್ಮಾರಕವಿಲ್ಲ, ಕೆಲವೇ ನೂರು ಮಕ್ಕಳ ಶಾಲೆಗೆ ಇದೆ.

ಅವರ ಕೊನೆಯ ದಿನಗಳು ನೋವಿನವು. 1963ರಲ್ಲಿ ಮದರಾಸಿನ ಕಾಮರಾಜರು ಮುಖ್ಯಮಂತ್ರಿಯ ಸ್ಥಾನ ತೊರೆದು ಪಕ್ಷದ ಕೆಲಸಕ್ಕೆ ಇಳಿದದ್ದನ್ನು ದೇಶವೇ ಕೊಂಡಾಡಿತು. ಅದಕ್ಕೂ ಒಂದು ವರ್ಷ ಮೊದಲೇ ಬೆಂಗಳೂರಿನಲ್ಲಿ ಒಬ್ಬರು ಸದ್ದಿಲ್ಲದೆ ಕುರ್ಚಿ ಬಿಟ್ಟಿದ್ದರೆಂಬುದು ದೆಹಲಿಗೆ ನೆನಪಿರಲಿಲ್ಲ. 1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾಗಿ ಹೊರಟರು. 1969ರ ನವೆಂಬರ್ 12ರಂದು ಅವರ ಅಧ್ಯಕ್ಷತೆಯ ಪಕ್ಷ ಪ್ರಧಾನಿ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿತು, ಕಾಂಗ್ರೆಸ್ ಒಡೆಯಿತು. ಹಳೆಯ ಸ್ನೇಹಗಳು ಆ ದಿನಗಳಲ್ಲಿ ತಕ್ಕಡಿಗೆ ಬಿದ್ದವು. ಆರು ವಾರಗಳ ನಂತರ, ಡಿಸೆಂಬರ್ 25ರಂದು, 61ನೆಯ ಹುಟ್ಟುಹಬ್ಬ ಕಳೆದ ನಾಲ್ಕೇ ದಿನಕ್ಕೆ ಕಂಠಿಯವರು ತೀರಿಕೊಂಡರು. ಮುಧೋಳದ ಒಂದು ಕಾಲೇಜು ಅವರ ಹೆಸರು ಹೊತ್ತಿದೆ.

ಕಳೆದ ವರ್ಷ ಕೂಡಲಸಂಗಮದ ದಾರಿಯಲ್ಲಿ ಮರೋಳದ ಕಡೆ ಹೋಗಿದ್ದೆ. ಮಳೆಯನ್ನೇ ನಂಬಿ ಜೋಳ, ಕಡಲೆ ಬೆಳೆಯುತ್ತಿದ್ದ ಎರೆಭೂಮಿ ಅದು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಹನಿ ನೀರಾವರಿಯ ಕೊಳವೆಗಳಲ್ಲಿ ಹೊಲಹೊಲಕ್ಕೆ ಹರಿಸುವ ದೊಡ್ಡ ಯೋಜನೆಗೆ ಈಗ ಆ ಊರಿನ ಹೆಸರಿದೆ. ಶಾಲೆ ಬಿಡುವ ಹೊತ್ತು. ಐದನೆಯ ತರಗತಿಯ ಹುಡುಗನೊಬ್ಬ ಚೀಲದಲ್ಲಿ ಎರಡು ಬಗೆಯ ಪುಸ್ತಕ ಇಟ್ಟುಕೊಂಡಿದ್ದ. ಒಂದು ಸರ್ಕಾರಿ ಶಾಲೆಯದು. ಇನ್ನೊಂದು ಸೈನಿಕ, ನವೋದಯ, ಮೊರಾರ್ಜಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯ ದಪ್ಪ ಮಾರ್ಗದರ್ಶಿ. 19 ಮತಗಳಿಂದ ಸೋತ ಮೊರಾರ್ಜಿಯವರದೇ ಆ ಕೊನೆಯ ಹೆಸರು. ಸೈನಿಕ ಶಾಲೆಯನ್ನು ವಿಜಾಪುರಕ್ಕೆ ತಂದವರು ಯಾರೆಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ, ಮಾರ್ಗದರ್ಶಿಯಲ್ಲೂ ಇರಲಿಲ್ಲ. ಪರೀಕ್ಷೆಯ ತರಬೇತಿಗೆ ಬೇಸಿಗೆಯಲ್ಲಿ ವಿಜಾಪುರಕ್ಕೆ ಹೋಗಬೇಕು, ಅಪ್ಪ ದುಡ್ಡು ಹೊಂದಿಸುತ್ತಿದ್ದಾನೆ ಎಂದು ಹೇಳಿ ಅವನು ಬಸ್ಸಿನ ಕಡೆ ಓಡಿದ.